ಓದಿದ ಮರುದಿನ ಏನು ಮಾಡಿದಿರಿ?

ಸ್ಫೂರ್ತಿ ತುಂಬುವ ಪುಸ್ತಕಗಳಿಗೆ ಈಗ ಬರವಿಲ್ಲ. ಬೆಳಗ್ಗೆ ಬೇಗ ಏಳುವುದು, ಸಿಟ್ಟು ಹಿಡಿತದಲ್ಲಿಡುವುದು, ಹಣ ಉಳಿಸುವುದು, ನಾಲ್ಕು ಜನರ ಮುಂದೆ ಧೈರ್ಯವಾಗಿ ಮಾತನಾಡುವುದು ಎಲ್ಲಕ್ಕೂ ಒಂದೊಂದು ಪುಸ್ತಕವಿದೆ. ಓದುವವರೂ ಬೇಕಾದಷ್ಟಿದ್ದಾರೆ. ಓದುವಾಗ ಮೈತುಂಬ ಹುರುಪು, ಇಷ್ಟವಾದ ಸಾಲಿಗೆ ಪೆನ್ಸಿಲ್ ಗೆರೆ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಅದರ ಫೋಟೊ. ವಾರ ಕಳೆಯುವಷ್ಟರಲ್ಲಿ ಹುರುಪು ಇಳಿಯುತ್ತದೆ, ಕೈ ಇನ್ನೊಂದು ಪುಸ್ತಕ ಹುಡುಕುತ್ತದೆ. ದಿನಚರಿ ಮಾತ್ರ ಕದಲುವುದಿಲ್ಲ.

ಹಾಗಾದರೆ ಪುಸ್ತಕದಿಂದ ಬದುಕು ಬದಲಾಗುತ್ತದೆ ಎನ್ನುವುದು ಬರೀ ಮಾತೇ? ಅಲ್ಲ. ಆದರೆ ಆ ಕೆಲಸದಲ್ಲಿ ಪುಸ್ತಕದ ಪಾಲು ಅರ್ಧ, ಉಳಿದರ್ಧ ಓದುಗನದು. ಇದಕ್ಕೆ ಗಾಂಧೀಜಿಯ ಬದುಕಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಅವರು ಹೆಚ್ಚು ಓದಿದವರಲ್ಲ. ವಿದ್ಯಾರ್ಥಿಯಾಗಿದ್ದಾಗ ಪಠ್ಯದ ಆಚೆ ಓದಿದ್ದು ಕಡಿಮೆ, ಕೆಲಸಕ್ಕಿಳಿದ ಮೇಲೆ ಪುರುಸೊತ್ತು ಇನ್ನೂ ಕಡಿಮೆ ಎಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅದರಿಂದ ನಷ್ಟವೇನೂ ಆಗಲಿಲ್ಲ, ಓದಿದಷ್ಟನ್ನು ಚೆನ್ನಾಗಿ ಅರಗಿಸಿಕೊಳ್ಳಲು ಸಾಧ್ಯವಾಯಿತು ಎಂಬುದು ಅವರ ಅಭಿಪ್ರಾಯ.

1904ರಲ್ಲಿ ಅವರು ಜೊಹಾನ್ಸ್‌ಬರ್ಗ್‌ನಲ್ಲಿ ಒಳ್ಳೆಯ ಸಂಪಾದನೆಯಿದ್ದ ವಕೀಲರು. ಅವರ ಬೆಂಬಲದಿಂದ ಹಿಂದಿನ ವರ್ಷ ಶುರುವಾಗಿದ್ದ ‘ಇಂಡಿಯನ್ ಒಪೀನಿಯನ್’ ಪತ್ರಿಕೆ ಡರ್ಬನ್‌ನಲ್ಲಿ ಅಚ್ಚಾಗುತ್ತಿತ್ತು. ಮುದ್ರಣಾಲಯ ನೋಡಿಕೊಳ್ಳಲು ಹೋಗಿದ್ದ ಆಲ್ಬರ್ಟ್ ವೆಸ್ಟ್ ಅಲ್ಲಿಂದ ಕಾಗದ ಬರೆದರು: ಲೆಕ್ಕಪತ್ರ ಅಸ್ತವ್ಯಸ್ತವಾಗಿದೆ, ಲಾಭದ ಮಾತಂತೂ ಇಲ್ಲವೇ ಇಲ್ಲ. ಗಾಂಧಿ ಹೊರಟರು. ರೈಲು ನಿಲ್ದಾಣಕ್ಕೆ ಬೀಳ್ಕೊಡಲು ಬಂದ ಪತ್ರಕರ್ತ ಮಿತ್ರ ಹೆನ್ರಿ ಪೋಲಾಕ್, ದಾರಿಯಲ್ಲಿ ಓದಿಕೊಳ್ಳಿ ಎಂದು ಒಂದು ಪುಸ್ತಕ ಕೈಗಿಟ್ಟರು. ಅದು ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್‌ನ ‘ಅನ್‌ಟು ದಿಸ್ ಲಾಸ್ಟ್’. ಡರ್ಬನ್‌ಗೆ 24 ಗಂಟೆಯ ಪ್ರಯಾಣ. ಓದಲು ಹಿಡಿದ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. ಆ ರಾತ್ರಿ ಅವರಿಗೆ ನಿದ್ದೆಯೂ ಬರಲಿಲ್ಲ.

ಹಾಗೆಂದು ಆ ಪುಸ್ತಕದಲ್ಲಿ ಮಂತ್ರವೇನೂ ಇರಲಿಲ್ಲ. ಅದರ ಪ್ರಬಂಧಗಳು 1860ರಲ್ಲಿ ಲಂಡನ್ನಿನ ‘ಕಾರ್ನ್‌ಹಿಲ್ ಮ್ಯಾಗಜೀನ್’ನಲ್ಲಿ ಬಂದಾಗ ಓದುಗರು ಎಷ್ಟು ಸಿಡಿದೆದ್ದರೆಂದರೆ ನಾಲ್ಕಕ್ಕೇ ಸರಣಿ ನಿಂತಿತು. ಅವೇ ಪುಟಗಳು ಕೆಲವರಿಗೆ ಸಿಟ್ಟು ತರಿಸಿದವು, ಒಬ್ಬರಿಗೆ ದಾರಿ ತೋರಿಸಿದವು. ವ್ಯತ್ಯಾಸ ಇದ್ದದ್ದು ಓದಿದ ರೀತಿಯಲ್ಲಿ. ಆ ರೀತಿಯನ್ನು ಬಿಡಿಸಿ ನೋಡಿದರೆ ನಾವು ಕಲಿಯಬಹುದಾದ ಕೆಲವು ಅಭ್ಯಾಸಗಳು ಸಿಗುತ್ತವೆ.

ಮನಸ್ಸಿನಲ್ಲೊಂದು ಪ್ರಶ್ನೆ ಇರಲಿ

ರೈಲು ಹತ್ತಿದಾಗ ಗಾಂಧಿಯ ತಲೆಯಲ್ಲಿ ಉತ್ತರ ಸಿಗದ ಪ್ರಶ್ನೆಯೊಂದಿತ್ತು. ಹಣ ನುಂಗುತ್ತಿರುವ ಪತ್ರಿಕೆಯನ್ನು ಉಳಿಸುವುದು ಹೇಗೆ? ರಸ್ಕಿನ್ ಬರೆದದ್ದು ಕೂಲಿ, ದುಡಿಮೆ, ಸಂಪತ್ತುಗಳ ಬಗ್ಗೆ. ಎರಡೂ ಒಂದಕ್ಕೊಂದು ತಾಗಿದ್ದರಿಂದಲೇ ಕಿಡಿ ಹೊತ್ತಿತು. ನಾವು ಪುಸ್ತಕ ಕೊಳ್ಳುವುದು ಬಹಳ ಸಲ ಅದಕ್ಕೆ ಹೆಸರು ಬಂದಿದೆ ಎಂದು, ಯಾರೋ ಹೊಗಳಿದರು ಎಂದು. ಅದಕ್ಕಿಂತ ಮೊದಲು ನಮ್ಮ ಈಗಿನ ತೊಡಕು ಯಾವುದು ಎಂದು ಒಂದು ಸಾಲು ಬರೆದುಕೊಳ್ಳುವುದು ಒಳ್ಳೆಯದು. ಮಗನ ಜೊತೆ ಮಾತು ನಿಂತುಹೋಗಿದೆಯೇ? ಸಂಬಳ 20ನೇ ತಾರೀಕಿಗೇ ಮುಗಿಯುತ್ತಿದೆಯೇ? ಕೆಲಸ ಮುಂದೂಡುವ ಚಟವೇ? ಪ್ರಶ್ನೆ ಇಟ್ಟುಕೊಂಡು ಓದುವವನಿಗೆ ಸಾಧಾರಣ ಪುಸ್ತಕವೂ ಏನನ್ನಾದರೂ ಕೊಡುತ್ತದೆ.

ಗೊತ್ತಿದ್ದದ್ದು, ಅರೆಗೊತ್ತಿದ್ದದ್ದು, ಹೊಸದು

ಓದಿ ಮುಗಿಸಿದ ಗಾಂಧಿ ಇಡೀ ಪುಸ್ತಕದಿಂದ ತಾವು ಕಲಿತದ್ದನ್ನು ಮೂರು ಮಾತಿಗೆ ಇಳಿಸಿದರು. ಎಲ್ಲರ ಹಿತದಲ್ಲೇ ಒಬ್ಬನ ಹಿತವೂ ಇದೆ ಎಂಬುದು ಮೊದಲನೆಯದು. ದುಡಿದು ಬದುಕುವ ಹಕ್ಕು ಇಬ್ಬರಿಗೂ ಒಂದೇ ಆದ್ದರಿಂದ ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಎರಡನೆಯದು. ಮೈ ಬಗ್ಗಿಸಿ ದುಡಿಯುವ ರೈತನ, ಕುಶಲಕರ್ಮಿಯ ಬಾಳೇ ಬಾಳು ಎಂಬುದು ಮೂರನೆಯದು. ಮೊದಲನೆಯದು ತಮಗೆ ಗೊತ್ತಿತ್ತು, ಎರಡನೆಯದು ಮಸುಕಾಗಿ ಹೊಳೆದಿತ್ತು, ಮೂರನೆಯದು ಎಂದೂ ತಲೆಗೆ ಬಂದಿರಲಿಲ್ಲ ಎಂದು ಅವರು ವಿಂಗಡಿಸಿಯೂ ಹೇಳುತ್ತಾರೆ.

ಈ ವಿಂಗಡಣೆಯಲ್ಲಿ ನಮಗೊಂದು ಪಾಠವಿದೆ. ನಾವು ಗೆರೆ ಎಳೆಯುವುದು ಹೆಚ್ಚಾಗಿ ನಮಗೆ ಮೊದಲೇ ಗೊತ್ತಿದ್ದ ಮಾತಿಗೆ. ‘ನಾನೂ ಹೀಗೇ ಅಂದುಕೊಂಡಿದ್ದೆ’ ಎಂಬ ಖುಷಿಗಾಗಿ ಎಳೆಯುತ್ತೇವೆ. ಆ ಖುಷಿ ತಪ್ಪಲ್ಲ, ಆದರೆ ಅದು ನಮ್ಮನ್ನು ಇದ್ದಲ್ಲೇ ಕೂರಿಸುತ್ತದೆ. ಬದಲಾವಣೆಯ ಬೀಜ ಇರುವುದು ನಮಗೆ ಇರಿಸುಮುರಿಸು ತರುವ ಮಾತಿನಲ್ಲಿ, ‘ಇದೆಲ್ಲ ನನಗಲ್ಲ’ ಎಂದು ಪುಟ ಮಗುಚಿದ ಜಾಗದಲ್ಲಿ. ಕೋಟು ತೊಟ್ಟು ಕೋರ್ಟಿಗೆ ಹೋಗುತ್ತಿದ್ದ ವಕೀಲರಿಗೆ ದೈಹಿಕ ದುಡಿಮೆಯ ಮಾತು ಅಂಥದ್ದು. ಅವರು ಹಿಡಿದುಕೊಂಡದ್ದು ಅದನ್ನೇ. ಪುಸ್ತಕ ಮುಗಿದ ಮೇಲೆ ಇದೇ ಮೂರು ಗುಂಪು ಮಾಡಿ, ಮೂರನೆಯದರಲ್ಲಿ ಒಂದು ಮಾತಾದರೂ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಪುಸ್ತಕ ನಿಮ್ಮ ಬೆನ್ನು ತಟ್ಟಿದೆ, ಅಷ್ಟೆ.

ಹುರುಪು ಆರುವ ಮುನ್ನ ಕೆಲಸ

ಬೆಳಗಾಗುವಷ್ಟರಲ್ಲಿ ಈ ಮಾತುಗಳನ್ನು ಆಚರಣೆಗೆ ತರಲು ಮನಸ್ಸು ಸಿದ್ಧವಾಗಿತ್ತು. ಡರ್ಬನ್ ತಲುಪಿದ ಗಾಂಧಿ ವೆಸ್ಟ್ ಜೊತೆ ಮಾತನಾಡಿದರು. ಮುದ್ರಣಾಲಯವನ್ನು ಜಮೀನಿಗೆ ಸಾಗಿಸೋಣ, ಎಲ್ಲರೂ ಹೊಲದಲ್ಲಿ ದುಡಿಯೋಣ, ಯಾವ ಕೆಲಸದವರೇ ಆಗಲಿ ಎಲ್ಲರಿಗೂ ತಿಂಗಳಿಗೆ 3 ಪೌಂಡ್. ಇದು ಅವರ ಯೋಜನೆ. ಕೂಡಲೇ ಜಾಗ ಬೇಕೆಂದು ಜಾಹೀರಾತು ಕೊಟ್ಟರು. ಡರ್ಬನ್‌ನಿಂದ 14 ಮೈಲಿ ದೂರದಲ್ಲಿ, ಫೀನಿಕ್ಸ್ ರೈಲು ನಿಲ್ದಾಣದ ಹತ್ತಿರ 20 ಎಕರೆ ಸಿಕ್ಕಿತು. ಪಕ್ಕದ 80 ಎಕರೆಯೂ ಸೇರಿ ಒಟ್ಟು 1000 ಪೌಂಡ್ ಬೆಲೆ. ಡರ್ಬನ್ನಿನ ವ್ಯಾಪಾರಿ ಮಿತ್ರ ಪಾರ್ಸಿ ರುಸ್ತುಂಜಿ ತಮ್ಮಲ್ಲಿದ್ದ ಹಳೆಯ ತಗಡು, ಕಟ್ಟಡದ ಸಾಮಾನು ಕೊಟ್ಟರು. ಡಿಸೆಂಬರ್ ಮುಗಿಯುವ ಮುನ್ನ ಫೀನಿಕ್ಸ್‌ನಿಂದ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಆ ರಾತ್ರಿಯೇ ಎಂಜಿನ್ ಕೈಕೊಟ್ಟಿತು. ಮಲಗಿದ್ದ ಬಡಗಿಗಳನ್ನೂ ಎಬ್ಬಿಸಿ, ಎಲ್ಲರೂ ಸರದಿಯಂತೆ ಕೈಯಲ್ಲೇ ಚಕ್ರ ತಿರುಗಿಸಿ ಬೆಳಗಿನವರೆಗೆ ಅಚ್ಚು ಹಾಕಿದರು.

ನಾವ್ಯಾರೂ ನೂರು ಎಕರೆ ಕೊಳ್ಳಬೇಕಾಗಿಲ್ಲ. ಗಮನಿಸಬೇಕಾದದ್ದು, ಓದಿದ ವಿಚಾರಕ್ಕೆ ಅವರು ತಡಮಾಡದೆ ಜಾಗ, ಮೊತ್ತ, ಜೊತೆಗಾರ ಈ ಮೂರನ್ನೂ ಗೊತ್ತು ಮಾಡಿದರು ಎಂಬುದನ್ನು. ‘ಇನ್ನು ಮೇಲೆ ಆರೋಗ್ಯ ನೋಡಿಕೊಳ್ಳುತ್ತೇನೆ’ ಎಂಬ ನಿರ್ಧಾರಕ್ಕೆ ಕಾಲಿಲ್ಲ. ‘ನಾಳೆ ಬೆಳಗ್ಗೆ ಆರಕ್ಕೆ ಪಕ್ಕದ ಮನೆಯವರ ಜೊತೆ ಕೆರೆ ಏರಿಯ ಮೇಲೆ ನಡೆಯುತ್ತೇನೆ’ ಎಂದರೆ ಅದು ನಡೆಯುತ್ತದೆ. ಸಮಯ, ಜಾಗ, ಜೊತೆಗೆ ಒಬ್ಬರು: ಇವು ಇಲ್ಲದ ಸಂಕಲ್ಪ ಯುಗಾದಿಗೆ ಹುಟ್ಟಿ ಬಸವ ಜಯಂತಿಯ ಹೊತ್ತಿಗೆ ಮರೆತುಹೋಗುತ್ತದೆ.

ತನ್ನಿಂದ ಶುರು, ಇತರರಿಗೆ ಬಲವಂತವಿಲ್ಲ

ಪುಸ್ತಕ ಓದಿದವರಿಗೆ ಅಂಟುವ ಇನ್ನೊಂದು ಕಾಯಿಲೆ ಉಪದೇಶ. ಸಮಯಪಾಲನೆಯ ಪುಸ್ತಕ ಓದಿದವರು ಮರುದಿನದಿಂದ ಹೆಂಡತಿ, ಮಕ್ಕಳು, ಕಚೇರಿಯ ಕಿರಿಯರಿಗೆಲ್ಲ ಸಮಯದ ಬೆಲೆ ಹೇಳತೊಡಗುತ್ತಾರೆ. ಗಾಂಧಿ ಹಾಗೆ ಮಾಡಲಿಲ್ಲ. ಫೀನಿಕ್ಸ್ ಯೋಜನೆಯನ್ನು ಮುದ್ರಣಾಲಯದ ಎಲ್ಲರೂ ಒಪ್ಪಲಿಲ್ಲ. ಒಪ್ಪದವರು ಸಂಬಳ ತೆಗೆದುಕೊಂಡೇ ಕೆಲಸ ಮಾಡಲು ಅವಕಾಶವಿತ್ತು. ಅಲ್ಲಿ ಎಲ್ಲರೂ ಅಚ್ಚುಮೊಳೆ ಜೋಡಿಸಲು ಕಲಿಯಬೇಕೆಂದು ನಿಯಮವಾದಾಗ ಅವರ ಬಂಧು ಮಗನಲಾಲ್ ಗಾಂಧಿ ಎಲ್ಲರನ್ನೂ ಮೀರಿಸಿದರು, ಗಾಂಧೀಜಿ ತರಗತಿಯ ದಡ್ಡನಾಗಿಯೇ ಉಳಿದರು. ತಾನು ಹಿಂದೆ ಬಿದ್ದರೂ ಪರವಾಗಿಲ್ಲ ಎಂದು ಕಲಿಯಲು ಕೂರುವ ಹಿರಿಯನ ಮಾತಿಗೆ ಬೆಲೆ ತಾನಾಗಿಯೇ ಬರುತ್ತದೆ.

ಪೂರ್ತಿ ಆಗದಿದ್ದರೆ ಆದಷ್ಟು

ಫೀನಿಕ್ಸ್‌ನಲ್ಲೇ ನೆಲೆಸಬೇಕೆಂಬ ಗಾಂಧಿಯ ಆಸೆ ಆಗ ಕೈಗೂಡಲಿಲ್ಲ. ಕೆಲಸ ಅವರನ್ನು ಮತ್ತೆ ಜೊಹಾನ್ಸ್‌ಬರ್ಗ್‌ಗೆ ಎಳೆಯಿತು. ಹಾಗೆಂದು ಕೈಚೆಲ್ಲದೆ, ಅಲ್ಲಿನ ಮನೆಯಲ್ಲೇ ಆ ಬದುಕನ್ನು ಎಷ್ಟು ತರಬಹುದೋ ಅಷ್ಟು ತಂದರು. 7 ಪೌಂಡ್ ಕೊಟ್ಟು ಕಬ್ಬಿಣದ ಚಕ್ರದ ಒಂದು ಬೀಸುವ ಯಂತ್ರ ಕೊಂಡರು. ಒಬ್ಬರಿಗೆ ಅದು ಭಾರ, ಇಬ್ಬರಿಗೆ ಸಲೀಸು. ಅದನ್ನು ತಿರುಗಿಸುತ್ತಿದ್ದವರು ಗಾಂಧಿ, ಮಕ್ಕಳು, ಮತ್ತು ಆ ಪುಸ್ತಕ ಕೊಟ್ಟ ತಪ್ಪಿಗೆ ಎಂಬಂತೆ ಪೋಲಾಕ್! ಇಡೀ ಯೋಜನೆ ಕೈಗೂಡದಿದ್ದರೆ ಎಲ್ಲವನ್ನೂ ಬಿಟ್ಟುಬಿಡುವುದು ನಮ್ಮ ಸ್ವಭಾವ. ದಿನಕ್ಕೆ ಒಂದು ಗಂಟೆ ಓದಲಾಗದಿದ್ದರೆ ಹತ್ತು ನಿಮಿಷ ಓದಿ. ತಿಂಗಳಿಗೆ ಐದು ಸಾವಿರ ಉಳಿಯದಿದ್ದರೆ ಐನೂರು ಉಳಿಸಿ. ಅಭ್ಯಾಸ ಬೇರು ಬಿಡುವುದು ಹೀಗೆ.

ಮತ್ತೆ ಅದೇ ಪುಸ್ತಕಕ್ಕೆ

ನಾಲ್ಕು ವರ್ಷದ ನಂತರ, 1908ರಲ್ಲಿ, ಗಾಂಧಿ ಅದೇ ಪುಸ್ತಕದ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. ಆಚರಿಸಿ ನೋಡಿದ ಮೇಲೆ ಮತ್ತೆ ಓದುವವನಿಗೆ ಮೊದಲ ಸಲ ಕಾಣದ್ದು ಕಾಣುತ್ತದೆ, ಒಪ್ಪಲಾಗದ್ದೂ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ವರ್ಷಗಟ್ಟಲೆ, ದಿನಕ್ಕೊಂದು ಪದ್ಯದಂತೆ ಓದುವ ಹಿರಿಯರಿದ್ದಾರೆ. ಒಮ್ಮೆ ಮುಗಿಸಿ ಕಪಾಟಿಗೆ ಸೇರಿಸುವ ಪುಸ್ತಕವಲ್ಲ ಅದು ಎಂದು ಅವರಿಗೆ ಗೊತ್ತು. ವರ್ಷಕ್ಕೆ ಐವತ್ತು ಪುಸ್ತಕ ಓದಿದೆನೆಂಬ ಲೆಕ್ಕಕ್ಕಿಂತ, ಒಂದೇ ಪುಸ್ತಕವನ್ನು ಎರಡನೆಯ ಸಲ, ಬದಲಾದ ಮನುಷ್ಯನಾಗಿ ಓದಿದೆನೆಂಬುದು ದೊಡ್ಡ ಗಳಿಕೆ.

ಹೊಸ ಪುಸ್ತಕ ಕೊಳ್ಳುವ ಮುನ್ನ, ನೀವು ಈಗಾಗಲೇ ಓದಿ ಮೆಚ್ಚಿದ ಒಂದನ್ನು ಇವತ್ತು ರಾತ್ರಿ ಕೈಗೆತ್ತಿಕೊಳ್ಳಿ. ನಿಮಗೆ ಹಿತವಾಗಿಲ್ಲದ ಆದರೆ ನಿಜ ಅನ್ನಿಸಿದ ಒಂದು ಮಾತನ್ನು ಅದರಲ್ಲಿ ಹುಡುಕಿ. ಅದಕ್ಕಾಗಿ ನಾಳೆ ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಏನು ಮಾಡುತ್ತೀರಿ ಎಂದು ಒಂದೇ ಸಾಲಿನಲ್ಲಿ ಬರೆದಿಡಿ. ಅದನ್ನು ಮಾಡಿ ಮುಗಿಸಿದ ಮೇಲಷ್ಟೇ ಮುಂದಿನ ಪುಸ್ತಕ.