ಇಂದಿನ ಧಮ್ಮ ಚಿಂತನೆ: ಕ್ಲಚ್ ಮೇಲಿನ ಕಾಲು



ಕಳೆದ ಭಾನುವಾರ ಓದಿದ ಸೋಣನ ಕಥೆ ನೆನಪಿರಬಹುದು. ಅಂಗುತ್ತರ ನಿಕಾಯದಲ್ಲೂ ಇದೆ, ವಿನಯದ ಮಹಾವಗ್ಗದಲ್ಲೂ ಇದೆ. ಚಂಪಾನಗರದ ಸಿರಿವಂತರ ಮಗ, ಬಹಳ ಸುಕುಮಾರ. ಭಿಕ್ಖುವಾದ ಮೇಲೆ ರಾಜಗೃಹದ ಶೀತವನದಲ್ಲಿ ಅಂಗಾಲು ಒಡೆದು ರಕ್ತ ಸುರಿಯುವ ತನಕ ಚಂಕ್ರಮಣ ಮಾಡಿದ. ಫಲ ಸಿಗಲಿಲ್ಲ, ಮನೆಗೇ ಹಿಂತಿರುಗೋಣ ಎಂದುಕೊಂಡ. ತಥಾಗತರು ಅವನಿಗೆ ಬೈಯಲಿಲ್ಲ, ಹುರಿದುಂಬಿಸಲೂ ಇಲ್ಲ. ಅವನು ವೀಣೆ ಬಲ್ಲವನು, ತಂತಿಯ ಬಿಗಿ ಮತ್ತು ಸಡಿಲದ ಬಗ್ಗೆ ಅವನನ್ನೇ ಕೇಳಿದರು. ಅಲ್ಲಿ ಬರುವ ಪಾಲಿ ಮಾತು ‘ವೀರಿಯ ಸಮತಾ’, ಪ್ರಯತ್ನದಲ್ಲಿ ಸಮತೆ. ಸಮತೆ ಎಂದರೆ ನಮಗೆ ಮೆರವಣಿಗೆಯ ಘೋಷಣೆ, ಸಂವಿಧಾನದ ಮಾತು. ಅದೇ ಪದ ದುಡಿಮೆಯ ಹದಕ್ಕೂ ಸಲ್ಲುತ್ತದೆ ಎಂಬುದು ನನಗೆ ಬಹಳ ಹಿಡಿಸಿತು.

ಈಚೆಗೆ ಇದು ನನಗೆ ಅರ್ಥವಾದದ್ದು ಒಂದು ಹಳೆಯ ಮಾರುತಿ 800 ಕಾರಿನಲ್ಲಿ. ಅಕ್ಕನ ಮಗಳಿಗೆ ನರ್ಸ್ ಕೆಲಸ ಸಿಕ್ಕಿದೆ. ರಾತ್ರಿ ಪಾಳಿಗೆ ಬಸ್ಸಿಲ್ಲ, ಕಾರು ಕಲಿಯಲೇಬೇಕು. ಅವಳು ಮೊಬೈಲಿನಲ್ಲಿ ಸ್ಪೋರ್ಟ್ಸ್ ಕಾರಿನವರನ್ನು ನೋಡಿ ಗೇರನ್ನು ಪಟಪಟನೆ ಎಳೆಯಲು ಹೋಗುತ್ತಿದ್ದಳು. ವಿಡಿಯೋದಲ್ಲಿ ಕೈ ಕಾಣುತ್ತದೆ, ಕಾಲು ಕಾಣುವುದಿಲ್ಲ. ತಿರುವಿಗೆ ಮುಂಚೆ ಆ ಚಾಲಕರು ಬಲಗಾಲಿನ ಮುಂಭಾಗದಿಂದ ಬ್ರೇಕ್ ಒತ್ತಿಕೊಂಡೇ ಹಿಮ್ಮಡಿಯಿಂದ ಆಕ್ಸಿಲೇಟರ್ ತಟ್ಟುತ್ತಾರೆ. ಇಂಜಿನ್ನಿನ ವೇಗ ಏರಿ ಕೆಳಗಿನ ಗೇರಿಗೆ ಸರಿಹೊಂದುತ್ತದೆ, ಗಾಡಿ ಜಗ್ಗುವುದಿಲ್ಲ.

ನಮ್ಮ ಕಾರಿನಲ್ಲಿ ಅಷ್ಟು ಬೇಕಿಲ್ಲ. ಗೇರ್ ಬಾಕ್ಸಿನೊಳಗೆ ಹಿತ್ತಾಳೆಯ ಬಳೆಯಂಥದ್ದು ಇರುತ್ತದೆ, ಸಿಂಕ್ರೊನೈಸರ್. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಅದು ಉಜ್ಜಿ ಒಂದೇ ವೇಗಕ್ಕೆ ತರುತ್ತದೆ. ಆಮೇಲಷ್ಟೇ ಹಲ್ಲು ಹಲ್ಲಿಗೆ ಕೂಡುತ್ತದೆ. ಅದಕ್ಕೆ ಒಂದು ಕ್ಷಣ ಕೊಡಬೇಕು. ಅದಿಲ್ಲದ ಹಳೆಯ ಲಾರಿಗಳಲ್ಲಿ ಡ್ರೈವರುಗಳು ಡಬಲ್ ಕ್ಲಚ್ ಮಾಡುತ್ತಿದ್ದರು. ಕೆಳಗಿನ ಗೇರಿಗೆ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಬರೀ ತೋಳ್ಬಲ ತೋರಿಸಿದರೆ ಕರ್ರೆಂದು ಕಿರುಚುತ್ತದೆ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದೂ ಇಂಥದ್ದೇ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವೈರುಧ್ಯವನ್ನು ಹೊತ್ತುಕೊಂಡು ನಾವು 1950ರ ಜನವರಿ 26ಕ್ಕೆ ಕಾಲಿಡುತ್ತಿದ್ದೇವೆ ಎಂದು. ಆ ಕರ್ರೆನ್ನುವ ಸದ್ದು ಈಗಲೂ ಕೇಳುತ್ತದೆ. ‘ಹಾಗಾದರೆ ನಿಧಾನಿಸಿ, ಕಾಯಿರಿ’ ಎನ್ನುವ ಬುದ್ಧಿವಂತರಿದ್ದಾರೆ. ಅವರು ಲಾರಿ ಓಡಿಸಿದವರಲ್ಲ. ಡಬಲ್ ಕ್ಲಚ್‌ನಲ್ಲಿ ಹಿಂದೆ ಬಿದ್ದ ಭಾಗಕ್ಕೆ ವೇಗ ಕೊಟ್ಟು ಸಮಕ್ಕೆ ತರುತ್ತಾರೆ. ಮೀಸಲಾತಿ ಎಂದರೆ ಇನ್ನೇನು?

ಇರಲಿ, ಹುಡುಗಿಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ನಿಲ್ಕುಂದದ ಏರಿನಲ್ಲಿ ಕಾರು ನಿಂತಿತು. ರಸ್ತೆ ಬದಿ ನಿಂತವರಲ್ಲಿ ಒಬ್ಬ, ಕೇಳಲಿ ಎಂದೇ, ‘ಇವಕ್ಕೂ ಕಾರು ಬೇಕಾಯ್ತು’ ಅಂದ. ಅವಳು ಸಿಟ್ಟಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಕಾರು ಜಿಗಿದು ಮತ್ತೆ ಸತ್ತಿತು. ‘ಮಾವಾ, ನನ್ನಿಂದ ಆಗೂದಿಲ್ಲ. ಇಳೀತೆ’ ಅಂದಳು. ಕಣ್ಣಲ್ಲಿ ನೀರಿತ್ತು.

‘ಇಳಿಯೂದು ಬೇಡ. ಹ್ಯಾಂಡ್ ಬ್ರೇಕ್ ಎಳಿ. ಹಿಮ್ಮಡಿ ನೆಲಕ್ಕಿಡು. ಅವರ ಬಾಯಿ ನೋಡಬೇಡ, ನಿನ್ನ ಅಂಗಾಲಿಗೆ ಏನು ತಾಗ್ತದೆ ನೋಡು’ ಅಂದೆ.

ಕ್ಲಚ್ ಹಿಡಿಯುವ ಜಾಗ ಬಂದಾಗ ಇಂಜಿನ್ನಿನ ದನಿ ತುಸು ತಗ್ಗುತ್ತದೆ, ಪಾದಕ್ಕೆ ಸಣ್ಣ ನಡುಕ ತಿಳಿಯುತ್ತದೆ. ಅಲ್ಲಿ ಕಾಲು ನಿಲ್ಲಿಸಬೇಕು. ಬೇಗ ಬಿಟ್ಟರೆ ಗಾಡಿ ಸಾಯುತ್ತದೆ, ಭಯಪಟ್ಟು ಅಲ್ಲೇ ಬಹಳ ಹೊತ್ತು ಹಿಡಿದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಕಾಯಾನುಪಸ್ಸನದಲ್ಲಿ ನಾವು ಉಸಿರಿಗೆ ಕೊಡುವ ಗಮನವನ್ನು ಅವಳು ಅಂದು ಅಂಗಾಲಿಗೆ ಕೊಟ್ಟಳು. ಹ್ಯಾಂಡ್ ಬ್ರೇಕ್ ಇಳಿಸಿದಳು, ಕಾರು ಒಂದಿಂಚೂ ಹಿಂದೆ ಸರಿಯದೆ ಏರಿತು. ಎರಡನೇ ಗೇರ್ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಆ ಮನುಷ್ಯನಿಗೆ ಉತ್ತರ ಕೊಡಬೇಕಿತ್ತೇ? ಕೊಡಬೇಕು, ಅದಕ್ಕೆ ಕಾನೂನಿದೆ, ಸಂಘಟನೆಯಿದೆ. ಆದರೆ ಅವನ ಮಾತಿಗೆ ಅವಳ ಕಾಲನ್ನು ಒಪ್ಪಿಸಬೇಕಾಗಿರಲಿಲ್ಲ.

ಈಗ ಅವಳು ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿಟ್ಟು ಇಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡುತ್ತಾಳೆ. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ತಪ್ಪುತ್ತದೆಂದು ನನಗೇ ಪಾಠ ಹೇಳುತ್ತಾಳೆ.

ಸೋಣನ ಕಥೆಯಲ್ಲಿ ನಾವು ಓದದೆ ಬಿಟ್ಟ ಭಾಗವೊಂದಿದೆ. ಅವನ ಕಾಲು ನೋಡಿ ತಥಾಗತರು ಒಂದು ಪದರದ ಚಪ್ಪಲಿ ಹಾಕಿಕೊಳ್ಳಲು ಹೇಳಿದರು. ಇಡೀ ಸಂಘಕ್ಕೆ ಅನುಮತಿಯಿದ್ದರೆ ನಾನೂ ಹಾಕುವೆ, ನನಗೊಬ್ಬನಿಗಾದರೆ ಬೇಡ ಎಂದ ಸೋಣ. ತಥಾಗತರು ಎಲ್ಲ ಭಿಕ್ಖುಗಳಿಗೂ ಅನುಮತಿ ಕೊಟ್ಟರು. ನನ್ನ ಅಜ್ಜ ಇದೇ ಏರಿನಲ್ಲಿ ಕೆಲವು ಮನೆಗಳ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಬರುವ ಭಾನುವಾರ ಆ ಭಾಗ ಓದೋಣ. ಹಿರಿಯರು ತಮ್ಮೂರಿನ ಚಪ್ಪಲಿಯ ನೆನಪುಗಳನ್ನು ಬರೆದೋ ಧ್ವನಿಮುದ್ರಿಸಿಯೋ ಗುಂಪಿಗೆ ಕಳಿಸಿ.

ಜೈ ಭೀಮ್. ನಮೋ ಬುದ್ಧಾಯ.