ಗಂಧಕ್ಕೂ ಡಂಗುರ ಬೇಕೇ?

ಗಂಧದ ಪರಿಮಳ ತಾನೇ ಹರಡುತ್ತದೆ, ಅದಕ್ಕೆ ಪ್ರಚಾರ ಬೇಡ ಎನ್ನುವವರಿದ್ದಾರೆ. ಮೈಸೂರು ಸಂಸ್ಥಾನ ಹಾಗೆಂದುಕೊಂಡು ಕೂರಲಿಲ್ಲ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತಿಗೆ ಪೆಟ್ಟು ಬಿದ್ದಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆ ತೆಗೆಯುವ ಕಾರ್ಖಾನೆಗೆ ಕೈಹಾಕಿದರು. ಆ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಯವರು ಅದರ ಚಿತ್ರವನ್ನು ಟ್ರಾಮ್ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಹಾಕಿಸಿದರು. ಸೋಪಿನ ಪ್ರಚಾರಕ್ಕೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು.

ಆಸೆ ಹುಟ್ಟಿಸುವುದು ಅಧರ್ಮವೇ?

ಬುದ್ಧ ತೃಷ್ಣೆಯನ್ನು ದುಃಖದ ಮೂಲವೆಂದ. ಜೈನರು ಅಪರಿಗ್ರಹವನ್ನು ವ್ರತವಾಗಿಸಿದರು. ಆದರೆ ಶರಣರ ಕಾಯಕದ ಕಣ್ಣಿಂದ ನೋಡಿದರೆ, ದುಡಿಮೆಯ ಫಲ ಕೊಳ್ಳುವವನಿಗೆ ತಲುಪಬೇಕು. ಇರುವುದನ್ನು ಇದ್ದಂತೆ ಸಾರುವುದರಲ್ಲಿ ದೋಷವಿಲ್ಲ. ಸುದ್ದಿಪತ್ರಿಕೆ ಅಗ್ಗವಾಗಿ ಸಿಗುವುದೂ ಜಾಹೀರಾತಿನಿಂದಲೇ. ಮೈಸೂರಿನಲ್ಲಿ ಪಂಡಿತ ವರದರಾಜ ಅಯ್ಯಂಗಾರ್ಯರು 1970ರಲ್ಲಿ ಆರಂಭಿಸಿದ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಆ ಆಸರೆ ಹೆಚ್ಚಿಲ್ಲದೆ ಎಷ್ಟು ಕಷ್ಟದಿಂದ ನಡೆದುಬಂದಿದೆ!

ಹಾಗಾದರೆ ಅಪಾಯ ಎಲ್ಲಿದೆ? ಕರಾಚಿಯ ಒಂಟೆಗಳ ಮೆರವಣಿಗೆಯನ್ನು ಬೀದಿಯೆಲ್ಲ ನೋಡಿತು. ಅತಿಶಯೋಕ್ತಿ ಇದ್ದರೆ ಯಾರಾದರೂ ಪ್ರಶ್ನಿಸಬಹುದಿತ್ತು. ಇಂದು ಮೊಬೈಲಿನ ಜಾಹೀರಾತು ನಮ್ಮ ಹುಡುಕಾಟ, ವಯಸ್ಸು, ಊರು ತಿಳಿದುಕೊಂಡು ಒಬ್ಬೊಬ್ಬರನ್ನೇ ಅರಸಿ ಬರುತ್ತದೆ. ಪಕ್ಕದಲ್ಲಿ ಕೂತವನಿಗೂ ಅದು ಕಾಣದು. ಅಸಲಿ ಅಪಾಯ ಈ ಗುಟ್ಟಿನಲ್ಲಿದೆ. ಸ್ನೇಹಿತನ ದನಿಯಲ್ಲಿ ಹೊಗಳುವವನು ಹಣ ಪಡೆದಿದ್ದರೆ ಅದು ಸತ್ಯಕ್ಕೆ ಬಗೆದ ದ್ರೋಹ. ಅದಕ್ಕೆಂದೇ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ, ಹಣವನ್ನೋ ಉಡುಗೊರೆಯನ್ನೋ ಪಡೆದು ಶಿಫಾರಸು ಮಾಡುವವರು ಆ ಸಂಬಂಧವನ್ನು ಸ್ಪಷ್ಟವಾಗಿ ಹೇಳಲೇಬೇಕೆಂದು ಸೂಚಿಸಿತು.