ಬಹುಮಾನ ಮತ್ತು ಮಾನ

ಮಾಗಿಯ ಚಳಿ ಇಳಿಮುಖವಾಗುತ್ತಿದ್ದಂತೆ ನಾಡಿನ ಶಾಲೆಗಳ ಅಂಗಳದಲ್ಲಿ ಹಂದರಗಳು ಏಳುತ್ತವೆ. ತಳಿರು ತೋರಣ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಮಕ್ಕಳು ತಮ್ಮ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಸಜ್ಜಾಗುತ್ತಾರೆ. ವರದಿವಾಚನ, ಅತಿಥಿಗಳ ಭಾಷಣ ಮುಗಿದ ಮೇಲೆ ಎಲ್ಲರೂ ಕಾದಿರುವ ಬಹುಮಾನ ವಿತರಣೆ ಆರಂಭವಾಗುತ್ತದೆ. ಓಟದಲ್ಲಿ ಮೊದಲಿಗನಾದವನು, ಗಣಿತದಲ್ಲಿ ಹೆಚ್ಚು ಅಂಕ ಗಳಿಸಿದವಳು, ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದವಳು ಒಬ್ಬೊಬ್ಬರಾಗಿ ವೇದಿಕೆಯನ್ನೇರುತ್ತಾರೆ. ಕರತಾಡನ ಕೇಳಿಬರುತ್ತದೆ. ದೂರದಲ್ಲಿ ನಿಂತ ತಾಯಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಇದು ಸಂತೋಷದ ಸಮಯ. ಈ ಸಂತೋಷವನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಸಂತೋಷಕ್ಕೂ ವಿವೇಚನೆ ಬೇಕು. ಆ ವೇದಿಕೆಯ ಮೇಲೆ ನಾವು ಗೌರವಿಸುವುದು ಯಾವುದನ್ನು? ಮಗುವನ್ನೋ, ಮಗುವಿನ ಶ್ರಮವನ್ನೋ, ಅಥವಾ ಒಂದು ಅಂಕಿಯನ್ನೋ? ವೇದಿಕೆಯನ್ನು ಏರದೆ ಕೆಳಗೆ ಕುಳಿತು ಚಪ್ಪಾಳೆ ತಟ್ಟುವ ನೂರಾರು ಮಕ್ಕಳಿಗೆ ಆ ದಿನ ನಾವು ಮೌನವಾಗಿ ಏನನ್ನು ಹೇಳಿ ಕಳುಹಿಸುತ್ತೇವೆ?

ಬಹುಮಾನವೆಂಬ ಶಬ್ದವನ್ನೇ ಮೊದಲು ನೋಡೋಣ. ಸಂಸ್ಕೃತದಲ್ಲಿ ‘ಮಾನ’ ಎಂಬ ರೂಪವು ಎರಡು ಧಾತುಗಳಿಂದ ಸಿದ್ಧವಾಗುತ್ತದೆ. ‘ಮಾ’ ಎಂಬ ಧಾತುವಿನಿಂದ ಬಂದ ಮಾನಕ್ಕೆ ಅಳತೆಯೆಂದರ್ಥ. ‘ಮನ್’ ಎಂಬ ಧಾತುವಿನಿಂದ ಬಂದ ಮಾನಕ್ಕೆ ಆದರ, ಗೌರವ ಎಂದರ್ಥ. ಬಹುಮಾನದಲ್ಲಿರುವುದು ಎರಡನೆಯದು. ಅದು ಹಿರಿದಾದ ಆದರ. ಶಬ್ದದ ರೂಪ ಒಂದೇ ಆದುದರಿಂದಲೋ ಏನೋ, ನಮ್ಮ ಬಾಳಿನಲ್ಲಿಯೂ ಈ ಎರಡು ಕಲೆತುಹೋಗಿವೆ. ಅಳತೆಗೆ ಸಿಕ್ಕಿದವನಿಗೆ ಮಾತ್ರ ಆದರ, ಅಳತೆಯಲ್ಲಿ ಕಡಿಮೆ ಬಿದ್ದವನಿಗೆ ಅನಾದರ ಎಂಬಂತಾಗಿದೆ. ಶಾಲೆಯ ಸಂಭ್ರಮದ ನಡುವೆ ನುಸುಳುವ ದೋಷವೆಲ್ಲ ಈ ಒಂದು ಗೊಂದಲದಿಂದ ಹುಟ್ಟುತ್ತದೆ.

ಹಾಗಾದರೆ ಬಹುಮಾನವನ್ನೇ ನಿಲ್ಲಿಸಿಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಎಲ್ಲ ಮಕ್ಕಳೂ ಸಮಾನರಾಗಿರುವಾಗ ಒಬ್ಬನನ್ನು ಮೇಲೇರಿಸುವುದೇಕೆ ಎಂಬುದು ಅವರ ವಾದ. ಈ ವಾದದಲ್ಲಿ ಕರುಣೆಯಿದೆ. ಆದರೆ ನ್ಯಾಯ ಪೂರ್ತಿಯಾಗಿಲ್ಲ. ನಸುಕಿನಲ್ಲೆದ್ದು ಮೈದಾನವನ್ನು ಸುತ್ತಿದ ಬಾಲಕನ ಶ್ರಮ, ಮನೆಗೆಲಸವನ್ನೆಲ್ಲ ಮುಗಿಸಿ ರಾತ್ರಿ ಪುಸ್ತಕ ಹಿಡಿದ ಬಾಲಕಿಯ ನಿಷ್ಠೆ ಇವುಗಳನ್ನು ಕಂಡೂ ಕಾಣದಂತಿರುವುದು ಸಮಾನತೆಯಲ್ಲ, ಉಪೇಕ್ಷೆ. ಹನ್ನೆರಡನೆಯ ಶತಮಾನದ ಶರಣರು ಶ್ರಮವನ್ನು ಉಪೇಕ್ಷಿಸಲಿಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಇವರ ಕಾಯಕವು ಅವರ ಹೆಸರಿನೊಡನೆ ಬೆಸೆದು ಇಂದಿಗೂ ಉಳಿದಿದೆ. ಲೋಕವು ಕೀಳೆಂದು ಬಗೆದ ಕೆಲಸವನ್ನೇ ಅವರು ತಮ್ಮ ಗೌರವದ ಗುರುತಾಗಿ ಧರಿಸಿದರು. ಒಳ್ಳೆಯ ಕೆಲಸವನ್ನು ಹೆಸರಿಟ್ಟು ಕರೆದು ಆದರಿಸುವುದು ಶರಣಸಂಸ್ಕೃತಿಗೆ ಹೊರತಾದ ಮಾತಲ್ಲ. ಆದುದರಿಂದ ಬಹುಮಾನವಿರಲಿ. ಅದು ಏನನ್ನು ಆದರಿಸಬೇಕೆಂಬ ತಿಳಿವೂ ನಮ್ಮಲ್ಲಿರಲಿ.

ಅಳತೆಗೆ ಅದರದೇ ಆದ ಸ್ಥಾನವಿದೆ. ಗಡಿಯಾರವಿಲ್ಲದೆ ಓಟದ ಸ್ಪರ್ಧೆಯಿಲ್ಲ, ಅಂಕಗಳಿಲ್ಲದೆ ಪರೀಕ್ಷೆಯಿಲ್ಲ. ಆದರೆ ಅಳತೆಯು ಎಷ್ಟು ದೂರ ನಮ್ಮನ್ನು ಕರೆದೊಯ್ಯಬಲ್ಲದು? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್ ಅಂತಿಮ ಓಟದಲ್ಲಿ ನಮ್ಮ ದೇಶದ ಪಿ.ಟಿ. ಉಷಾ ಅವರು 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಮೂರನೆಯವರಾಗಿ ಬಂದ ರುಮೇನಿಯಾದ ಓಟಗಾರ್ತಿಯ ಕಾಲ 55.41. ಸೆಕೆಂಡಿನ ನೂರನೆಯ ಒಂದು ಭಾಗವು ಪದಕ ಪಡೆದವರನ್ನೂ ಪಡೆಯದವರನ್ನೂ ಬೇರ್ಪಡಿಸಿತು. ಗಡಿಯಾರವು ಸುಳ್ಳು ಹೇಳಲಿಲ್ಲ. ಆದರೆ ಆ ಇಬ್ಬರ ಸಾಧನೆಯ ಹಿರಿಮೆಯಲ್ಲಿ ಇದ್ದ ಅಂತರವು ಅಷ್ಟೇ ಎಂದಾಗಲಿ, ಒಬ್ಬರು ಗೆದ್ದರು, ಇನ್ನೊಬ್ಬರದು ವ್ಯರ್ಥವಾಯಿತು ಎಂದಾಗಲಿ ಹೇಳುವ ಅಧಿಕಾರ ಗಡಿಯಾರಕ್ಕಿಲ್ಲ. ಪದಕವಿಲ್ಲದೆ ಮರಳಿದ ಆ ಓಟವೇ ನಾಡಿನ ಎಷ್ಟೋ ಬಾಲಕಿಯರನ್ನು ಮೈದಾನಕ್ಕೆ ಕರೆತಂದಿತು. ಮುಂದೆ ಅವರು ಕೇರಳದಲ್ಲಿ ಓಟದ ಶಾಲೆಯೊಂದನ್ನು ತೆರೆದು, ತಾವು ಕಲಿತುದನ್ನು ಬಡ ಮನೆತನದ ಬಾಲಕಿಯರಿಗೂ ಧಾರೆಯೆರೆದರು.

ಇನ್ನೊಂದು ನಿದರ್ಶನ. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಕತಾರ್ ದೇಶದ ಬಾರ್ಶಿಮ್ ಮತ್ತು ಇಟಲಿಯ ತಾಂಬೇರಿ ಇಬ್ಬರೂ 2.37 ಮೀಟರ್ ಎತ್ತರವನ್ನು ದಾಟಿದರು. ಅದಕ್ಕೂ ಮೇಲಿನ ಎತ್ತರವನ್ನು ಇಬ್ಬರೂ ದಾಟಲಾರದೆ ಹೋದರು. ಒಬ್ಬನೇ ವಿಜಯಿಯನ್ನು ಆರಿಸಲು ಮತ್ತೆ ಜಿಗಿಯಬಹುದೆಂದು ಅಧಿಕಾರಿಯು ಸೂಚಿಸಿದಾಗ, ಇಬ್ಬರಿಗೂ ಚಿನ್ನ ಕೊಡಬಹುದೇ ಎಂದು ಬಾರ್ಶಿಮ್ ಕೇಳಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಇಬ್ಬರೂ ಚಿನ್ನವನ್ನು ಹಂಚಿಕೊಂಡರು. ಚಿನ್ನ ಹಂಚಿದ್ದರಿಂದ ಅದರ ಹೊಳಪು ಕುಂದಲಿಲ್ಲ. ಎದುರಾಳಿಯೂ ತನ್ನಂತೆ ವರ್ಷಗಟ್ಟಲೆ ದುಡಿದವನೆಂಬ ಅರಿವು ಅಲ್ಲಿ ಅಳತೆಗಿಂತ ಮುಂದೆ ಬಂದು ನಿಂತಿತು.

ಮೈದಾನದಲ್ಲಿ ಹೀಗಾದರೆ ಪರೀಕ್ಷೆಯ ಕೊಠಡಿಯಲ್ಲಿ ಅಳತೆಯ ಹಟ ಇನ್ನೂ ಬಿಗಿಯಾಗಿದೆ. 2022ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ರಾಜ್ಯದ 145 ವಿದ್ಯಾರ್ಥಿಗಳು 625ಕ್ಕೆ 625 ಅಂಕಗಳನ್ನು ಪಡೆದರು. ಇದು ಅಭಿಮಾನದ ಸಂಗತಿಯೇ. ಆದರೆ ಪೂರ್ಣಾಂಕವೇ ಮನೆಮನೆಯ ಆದರ್ಶವಾದಾಗ 600 ಪಡೆದ ಮಗುವೂ ತಲೆ ತಗ್ಗಿಸಿ ನಿಲ್ಲುತ್ತದೆ. ಇಪ್ಪತ್ತೈದು ಎಲ್ಲಿ ಹೋಯಿತೆಂದು ಕೇಳುವ ಪಾಲಕರು ಕೈಸೇರಿದ ಆರುನೂರನ್ನು ಕಾಣುವುದಿಲ್ಲ. ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,000ಕ್ಕೂ ಹೆಚ್ಚು. ಇವರೆಲ್ಲರ ದುಃಖಕ್ಕೂ ಪರೀಕ್ಷೆಯೇ ಕಾರಣವೆಂದು ಹೇಳಲಾಗದು. ಆದರೆ ಪರೀಕ್ಷೆಯಲ್ಲಿ ಸೋತೆನೆಂಬ ಒಂದೇ ಅಳಲಿನಿಂದ ಹೋದವರೂ ಅವರಲ್ಲಿದ್ದಾರೆ. ಅಂಕ ಕಡಿಮೆಯಾಯಿತೆಂಬ ಮಾತನ್ನು ಆ ಕಂದಮ್ಮಗಳು ತಾವೇ ಕಡಿಮೆಯಾದೆವೆಂದು ತಿಳಿದವು. ಹಾಗಲ್ಲವೆಂದು ಹೇಳುವವರು ಆ ಗಳಿಗೆಯಲ್ಲಿ ಹತ್ತಿರದಲ್ಲಿರಲಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿತತ್ತ್ವದ ಗ್ರಂಥದಲ್ಲಿ ಬೆಲೆ ಮತ್ತು ಘನತೆ ಎಂಬ ಭೇದವನ್ನು ಕಲ್ಪಿಸಿದ್ದಾನೆ. ಯಾವುದರ ಬದಲಿಗೆ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯುಂಟು. ಯಾವುದಕ್ಕೆ ಬದಲಿ ಎಂಬುದೇ ಇಲ್ಲವೋ ಅದಕ್ಕೆ ಘನತೆಯುಂಟು. ಅಂಕಕ್ಕೆ ಬೆಲೆಯುಂಟು, ಮಗುವಿಗೆ ಘನತೆಯುಂಟು. ಕಾಂಟನು ವಿಚಾರಶಕ್ತಿಯ ದಾರಿಯಿಂದ ಕಂಡುಕೊಂಡ ಈ ನೆಲೆಯನ್ನು ವೀರಶೈವ ಧರ್ಮವು ಇಷ್ಟಲಿಂಗದ ದಾರಿಯಿಂದ ತೋರಿಸುತ್ತದೆ. ಇಷ್ಟಲಿಂಗವು ಅಂಗೈಗೆ ಬರುವ ಮುನ್ನ ಧರಿಸುವವನ ಅಂಕಪಟ್ಟಿಯನ್ನು ಯಾವ ಗುರುವೂ ಕೇಳುವುದಿಲ್ಲ. ಮೊದಲ ಸ್ಥಾನ ಪಡೆದವನ ಲಿಂಗ ಹಿರಿದಲ್ಲ, ಕೊನೆಯವನ ಲಿಂಗ ಕಿರಿದಲ್ಲ. ಈ ನಂಬಿಕೆಯನ್ನು ಪೂಜೆಯ ಕೋಣೆಯಲ್ಲಿ ಇಟ್ಟುಕೊಂಡು, ಫಲಿತಾಂಶದ ದಿನ ಮಗುವಿನೊಡನೆ ಮಾತು ಬಿಡುವುದು ನಮ್ಮ ಆಚಾರಕ್ಕೆ ನಾವೇ ಮಾಡುವ ಅಪಚಾರವಾಗುತ್ತದೆ.

ಸೋತವರ ವಿಷಯದಲ್ಲಿ ಅಳತೆಯೇ ಮಾನವೆಂಬ ಭ್ರಮೆ ದುಃಖವನ್ನು ತಂದರೆ, ಗೆದ್ದವರ ವಿಷಯದಲ್ಲಿ ಅದು ಅಹಂಕಾರವನ್ನು ತರುತ್ತದೆ. ಈ ಗೆಲುವು ನನ್ನದು ಎಂದು ಹುಡುಗನು ಹೇಳುವಾಗ ಅದರಲ್ಲಿ ನಿಜವೆಷ್ಟು? ಓದಿದವನು ಅವನೇ, ನಿಜ. ಆದರೆ ಓದಲು ಕುಳಿತ ಕೊಠಡಿಯನ್ನು ಕಟ್ಟಿದವರಾರು? ಕನ್ನಡ ನಾಡಿನ ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಉತ್ತರ ತಿಳಿದಿದೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮುಡಿಪಾಗಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಾದರು. ಊರೂರಿನ ಮಠಗಳು ಪ್ರಸಾದ ನಿಲಯಗಳನ್ನು ತೆರೆದಾಗ ಸ್ವಾಮಿಗಳು ಜೋಳಿಗೆ ಹಿಡಿದು ಹೊರಟರು. ಒಕ್ಕಲಿಗನು ಕಣದಲ್ಲಿ ಒಂದು ಪಾಲು ಜೋಳವನ್ನು ತೆಗೆದಿರಿಸಿದನು. ಬಡ ಹೆಂಗಸು ಬೀಸುವ ಮುನ್ನ ಒಂದು ಹಿಡಿ ಧಾನ್ಯವನ್ನು ಮಠದ ಮಡಕೆಗೆ ಹಾಕಿದಳು. 2019ರ ಜನವರಿಯಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದು ಇದೇ ಪರಂಪರೆಯಲ್ಲಿ. ಇಂದು ವೇದಿಕೆಯನ್ನೇರುವ ಮಗುವಿನ ಬೆಳ್ಳಿಯ ಬಟ್ಟಲಲ್ಲಿ ಹೆಸರಿಲ್ಲದ ಎಷ್ಟೋ ಜನರ ಹಿಡಿ ಧಾನ್ಯವಿದೆ. ಅದನ್ನು ಮರೆತ ಗೆಲುವು ಋಣ ತೀರಿಸದವನ ಸಿರಿಯಂತೆ.

ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದುದೇ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಸತಿ ಲಕ್ಕಮ್ಮನು ಅದರಲ್ಲಿ ಭಕ್ತಿಯನ್ನು ಕಾಣದೆ ಆಸೆಯನ್ನು ಕಂಡಳು. ಹೆಚ್ಚಿನ ಅಕ್ಕಿಯನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಕಾಯಕದಿಂದ ಬಂದುದೂ ಸಂಗ್ರಹದ ಹಂಬಲಕ್ಕೆ ಸಿಕ್ಕಿದರೆ ಮಲಿನವಾಗುತ್ತದೆಂಬುದು ಆಕೆಯ ನಿಲುವು. ಬಹುಮಾನಗಳೂ ಹೀಗೆಯೇ. ಕಪಾಟಿನಲ್ಲಿ ಸಾಲಾಗಿ ಕೂಡಿಟ್ಟರೆ ಅವು ಧೂಳು ತಿನ್ನುತ್ತವೆ, ದಾಸೋಹಕ್ಕೆ ಸಂದರೆ ಪ್ರಸಾದವಾಗುತ್ತವೆ. ಗಣಿತದಲ್ಲಿ ಮೊದಲಿಗಳಾದವಳು ಹಿಂದುಳಿದ ಗೆಳತಿಗೆ ಲೆಕ್ಕ ಹೇಳಿಕೊಟ್ಟರೆ ಅದು ವಿದ್ಯಾದಾಸೋಹ. ಕೊಟ್ಟುದರಿಂದ ಅವಳ ಗಣಿತವು ಕಡಿಮೆಯಾಗುವುದಿಲ್ಲ. ಕಲಿಸುವಾಗಲೇ ಕಲಿತುದು ನೆಲೆಗೊಳ್ಳುತ್ತದೆಂಬುದನ್ನು ಎಲ್ಲ ಉಪಾಧ್ಯಾಯರೂ ಬಲ್ಲರು.

ಈ ತತ್ತ್ವವನ್ನು ತಿಳಿಯಲು ದೊಡ್ಡ ಗ್ರಂಥವೇ ಬೇಕೆಂದಿಲ್ಲ. ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಆಡುವ ಖೋ ಖೋ ಆಟವನ್ನು ಗಮನವಿಟ್ಟು ನೋಡಿದರೆ ಸಾಕು. ಬೆನ್ನಟ್ಟುವ ತಂಡದ ಎಂಟು ಮಂದಿ ಚೌಕಗಳಲ್ಲಿ ಕುಳಿತಿರುತ್ತಾರೆ, ಒಬ್ಬನು ಓಡುತ್ತಾನೆ. ಓಡುವವನು ಹಿಡಿದ ದಿಕ್ಕನ್ನು ಬಿಟ್ಟು ಮರಳಿ ತಿರುಗುವಂತಿಲ್ಲ, ಕುಳಿತವರ ಸಾಲನ್ನು ನಡುವೆ ದಾಟುವಂತಿಲ್ಲ. ಎದುರಾಳಿ ಆಚೆಗೆ ನುಸುಳಿದಾಗ ಅವನಿಗಿರುವ ದಾರಿ ಒಂದೇ. ಕುಳಿತ ಗೆಳೆಯನ ಬೆನ್ನು ಮುಟ್ಟಿ ಖೋ ಎಂದು ತನ್ನ ಓಟವನ್ನು ಅವನಿಗೊಪ್ಪಿಸಿ, ತಾನು ಅವನ ಜಾಗದಲ್ಲಿ ಕುಳಿತುಕೊಳ್ಳುವುದು. ಓಟವನ್ನು ಬಿಟ್ಟುಕೊಡಲಾರದವನು ಎಷ್ಟು ವೇಗಿಯಾದರೂ ತಂಡವನ್ನು ಸೋಲಿಸುತ್ತಾನೆ. ಕುಳಿತವನೂ ಸುಮ್ಮನೆ ಕುಳಿತಿಲ್ಲ, ಕರೆ ಬಂದ ಕ್ಷಣದಲ್ಲಿ ಏಳಲು ಸಿದ್ಧನಾಗಿದ್ದಾನೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದವರೂ ಇದ್ದರು. ಮಣ್ಣಿನ ಅಂಗಳದ ಆಟವೊಂದು ಜಗತ್ತಿನ ಅಂಗಳಕ್ಕೆ ಏರಿದುದು ಹೀಗೆ, ಒಬ್ಬರು ಇನ್ನೊಬ್ಬರಿಗೆ ಓಟವನ್ನು ಒಪ್ಪಿಸುತ್ತ.

ಇಷ್ಟು ವಿಚಾರ ಮಾಡಿದ ಮೇಲೆ ಶಾಲೆಗಳನ್ನು ನಡೆಸುವವರಲ್ಲಿ ಕೆಲವು ಸೂಚನೆಗಳನ್ನು ಇಡಲು ಬಯಸುತ್ತೇವೆ. ಮೊದಲ ಮೂರು ಸ್ಥಾನಗಳಿಗೆ ಕೊಡುವ ಬಹುಮಾನವನ್ನು ಕೊಡಿರಿ. ಅದರ ಜೊತೆಗೆ ವರ್ಷದ ಆದಿಯಲ್ಲಿ ತಾನಿದ್ದ ಸ್ಥಿತಿಯಿಂದ ಹೆಚ್ಚು ಮುಂದೆ ನಡೆದ ಮಗುವನ್ನು ಗುರುತಿಸಿರಿ. ಮೂವತ್ತರಿಂದ ಐವತ್ತಕ್ಕೆ ಏರುವುದು ತೊಂಬತ್ತರಿಂದ ತೊಂಬತ್ತೈದಕ್ಕೆ ಏರುವುದಕ್ಕಿಂತ ಸುಲಭವೆಂದು ಯಾರೂ ತಿಳಿಯಬಾರದು. ಸಹಪಾಠಿಗೆ ಕಲಿಸಿದವರನ್ನು, ಕಾಯಿಲೆಯ ತಂದೆಯನ್ನು ನೋಡಿಕೊಳ್ಳುತ್ತಲೇ ಶಾಲೆಯನ್ನು ಬಿಡದವರನ್ನು, ಸೋತ ಎದುರಾಳಿಯ ಕೈಹಿಡಿದು ಎಬ್ಬಿಸಿದವರನ್ನು ಕರೆದು ಆದರಿಸಿರಿ. ಬಿಸಿಯೂಟ ಬೇಯಿಸುವ ತಾಯಂದಿರಿಗೂ, ಮುಂಜಾನೆ ಗಂಟೆ ಬಾರಿಸುವ ಜವಾನನಿಗೂ ವೇದಿಕೆಯ ಮೇಲೆ ಒಂದು ಆಸನವಿರಲಿ. 2024ರಲ್ಲಿ ನಮ್ಮ ರಾಜ್ಯದ ಹತ್ತನೆಯ ತರಗತಿಯ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶವನ್ನು ಕಲ್ಪಿಸಲಾಯಿತು. ಸೋಲೆಂಬುದು ಮುಚ್ಚಿದ ಬಾಗಿಲಲ್ಲವೆಂದು ಇಲಾಖೆಯೇ ಒಪ್ಪಿರುವಾಗ ಮನೆಯವರು ಒಪ್ಪಲು ಏಕೆ ತಡಮಾಡಬೇಕು? ಫಲಿತಾಂಶದ ದಿನ ಪಾಲಕರು ಅಂಕಗಳನ್ನು ಕೇಳುವ ಮುನ್ನ ಮಗುವಿಗೆ ಊಟವಾಯಿತೇ ಎಂದು ಕೇಳಲಿ. ಮಗುವಿನ ಮುಖ ಬಾಡಿದ್ದರೆ ಅದನ್ನು ಒಂಟಿಯಾಗಿ ಬಿಡದೆ ಹತ್ತಿರ ಕುಳಿತುಕೊಳ್ಳಲಿ. ಎಷ್ಟೋ ಮನೆಗಳಲ್ಲಿ ಒಂದು ಜೀವವನ್ನು ಉಳಿಸಲು ಇಷ್ಟು ಸಾಕಾಗುತ್ತದೆ.

ಈ ವರ್ಷ ಬಹುಮಾನ ಪಡೆದ ಮಕ್ಕಳೇ, ನಿಮ್ಮ ಗೆಲುವು ನಮಗೆಲ್ಲರಿಗೂ ಹರ್ಷವನ್ನು ತಂದಿದೆ. ಅದನ್ನು ಎರಡೂ ಕೈಗಳಿಂದ ಸ್ವೀಕರಿಸಿರಿ, ಒಂದು ಕೈಯಿಂದಲಾದರೂ ಹಂಚಿರಿ. ಬಹುಮಾನ ಪಡೆಯದ ಮಕ್ಕಳೇ, ನಿಮ್ಮನ್ನು ಅಳೆಯುವ ಕೋಲು ಯಾವ ಶಾಲೆಯಲ್ಲಿಯೂ ಇಲ್ಲ. ನಿಮ್ಮ ಗೆಳೆಯನ ಗೆಲುವಿಗೆ ನೀವು ಮನಸಾರೆ ತಟ್ಟಿದ ಚಪ್ಪಾಳೆಯೂ ಒಂದು ಸಾಧನೆಯೇ. ಅಸೂಯೆಯನ್ನು ಗೆದ್ದವರಿಗಲ್ಲದೆ ಅದು ಸಾಧ್ಯವಾಗುವುದಿಲ್ಲ. ಚೌಕದಲ್ಲಿ ಕುಳಿತವರು ಆಟದ ಹೊರಗಿನವರಲ್ಲ. ಕರೆ ಬರುತ್ತದೆ, ಎದ್ದು ಓಡಲು ಸಿದ್ಧರಾಗಿರಿ. ನಾಡಿನ ಎಲ್ಲ ಮಕ್ಕಳಿಗೂ ಆಯುರಾರೋಗ್ಯವನ್ನೂ ಸದ್ಬುದ್ಧಿಯನ್ನೂ ಕಾಯಕನಿಷ್ಠೆಯನ್ನೂ ಶಿವನು ಕರುಣಿಸಲೆಂದು ಹಾರೈಸುತ್ತೇವೆ.